ಕಾಸ್ಟಿಂಗ್ (ವೆಚ್ಚದ ಲೆಕ್ಕ) ಪೇಪರ್‌ನಲ್ಲಿ 60ಕ್ಕೆ 19 ಬಂದಿದೆ, ರೀವ್ಯಾಲ್ (ಮರುಮೌಲ್ಯಮಾಪನ) ಹಾಕ್ಲಾ ಮೊದ್ಲು ಆನ್ಸರ್ ಶೀಟ್ ಕಾಪಿ ತರಿಸ್ಲಾ?

ಲಾಸ್ಟ್‌ಬೆಂಚ್_ಬಿಕಾಂ:
ಐದನೇ ಸೆಮ್ ರಿಸಲ್ಟ್ ಮೊನ್ನೆ ಬಂತು. ಕಾಸ್ಟಿಂಗ್‌ನಲ್ಲಿ 19, ಪಾಸಾಗೋಕೆ 21 ಬೇಕಿತ್ತು. ಇಂಟರ್ನಲ್ಸ್ (ಕಾಲೇಜಲ್ಲೇ ಕೊಡೋ ಮಾರ್ಕು) 40ಕ್ಕೆ 35 ಇದೆ, ಬೇರೆ ಯಾವ ಸಬ್ಜೆಕ್ಟಲ್ಲೂ 40ಕ್ಕಿಂತ ಕಡ್ಮೆ ಬಂದಿಲ್ಲ. ಪ್ರೊಸೆಸ್ ಅಕೌಂಟ್ (ತಯಾರಿಯ ಒಂದೊಂದು ಹಂತದ ಖರ್ಚಿನ ಲೆಕ್ಕ) ಪ್ರಾಬ್ಲಮ್ ಪೂರ್ತಿ ಟ್ಯಾಲಿ ಆಗಿತ್ತು, ಹೊರಗೆ ಬಂದು ಮೂರು ಜನ ಆನ್ಸರ್ ಚೆಕ್ ಮಾಡ್ಕೊಂಡಿದ್ವಿ, ಅವರಿಬ್ರೂ ಪಾಸ್ ನಾನು ಮಾತ್ರ ಢುಂ. ಆಫೀಸಲ್ಲಿ ಕೇಳಿದ್ರೆ ಕ್ಲರ್ಕ್ ತಲೆ ಕೂಡ ಎತ್ತದೆ ರೀವ್ಯಾಲ್ ಹಾಕು ಹೋಗು ಅಂದ್ರು. ಮನೇಲಿ ಇನ್ನೂ ಹೇಳಿಲ್ಲ. ಹಾಕಿದ್ರೆ ಏನಾದ್ರೂ ಆಗತ್ತಾ, ಇಲ್ಲ ಸುಮ್ನೆ ದುಡ್ಡು ದಂಡನಾ?

ಹಳೇ_ಬ್ಯಾಕ್‌ಲಾಗ್:
ಮೊದ್ಲು ಆನ್ಸರ್ ಶೀಟ್ ಕಾಪಿಗೆ ಹಾಕು ಮಾರಾಯ. ಕಾಪಿ ನೋಡದೆ ರೀವ್ಯಾಲ್ ಹಾಕೋದು ಕತ್ತಲಲ್ಲಿ ಕಲ್ಲು ಹೊಡ್ದಂಗೆ. ಬಂದ ಮೇಲೆ ಮುಖಪುಟದ ಟೇಬಲ್ ನೋಡು, ಪ್ರತಿ ಪ್ರಶ್ನೆಗೆ ಒಳಗೆ ಕೊಟ್ಟ ಮಾರ್ಕು ಅಲ್ಲಿಗೆ ಸರಿಯಾಗಿ ಬಂದಿದ್ಯಾ, ಕೂಡಿಸಿದ್ದು ಸರಿ ಇದ್ಯಾ. ಕೂಡಿಸೋದ್ರಲ್ಲೇ ತಪ್ಪಿದ್ರೆ ರೀಟೋಟಲಿಂಗ್ ಸಾಕು. ಆಮೇಲೆ ಒಂದೊಂದೇ ಪೇಜ್ ತಿರುವು, ಕೆಂಪು ಇಂಕೇ ತಾಗದ ಉತ್ತರ ಇದ್ಯಾ ನೋಡು. ನಂದು ಆಗಿದ್ದು ಇದೇ, ಎರಡು ಖಾಲಿ ಪೇಜ್ ಬಿಟ್ಟು ಹಿಂದೆ ಒಂದು ಪೂರ್ತಿ ಉತ್ತರ ಬರ್ದಿದ್ದೆ, ಪುಣ್ಯಾತ್ಮರು ಖಾಲಿ ಪೇಜ್ ನೋಡಿ ಮುಗೀತು ಅಂತ ಗೆರೆ ಎಳೆದು ಮುಚ್ಚಿದ್ರು. ಅರ್ಜಿ ಜೊತೆ ಆ ಪೇಜ್ ನಂಬರ್ ಬರ್ದು ಕೊಟ್ಟೆ, 9 ಮಾರ್ಕ್ ಸೇರ್ತು.

ಇನ್ನೊಂದು, ನೋಟಿಫಿಕೇಶನ್ ಪೂರ್ತಿ ಓದು. ರೀವ್ಯಾಲ್‌ನಲ್ಲಿ ಕಡ್ಮೆ ಬಂದ್ರೆ ಯಾವುದನ್ನ ಇಟ್ಕೋತಾರೆ ಅನ್ನೋದು ಒಂದೊಂದು ಯೂನಿವರ್ಸಿಟೀಲಿ ಒಂದೊಂಥರ. ಬ್ಯಾಕ್‌ಲಾಗ್ ಎಕ್ಸಾಂ ಫೀಸೂ ಕಟ್ಬಿಡು, ರೀವ್ಯಾಲ್ ರಿಸಲ್ಟ್ ಬರೋದ್ರೊಳಗೆ ಅದರ ಡೇಟ್ ಮುಗಿದಿರತ್ತೆ.

ಧಾರವಾಡ_ಪೇಢಾ:
ಕಾಪಿ ಕೊಡಂಗಿಲ್ಲ ಅಂದ್ರ ಸುಮ್ನ ಬರಬ್ಯಾಡ್ರಿ. ಚೆಕ್ ಮಾಡಿದ ನಮ್ಮ ಉತ್ತರ ಪತ್ರಿಕಿ ಆರ್‌ಟಿಐ (ಮಾಹಿತಿ ಹಕ್ಕು) ಒಳಗ ಬರತೈತಿ ಅಂತ ಸುಪ್ರೀಂ ಕೋರ್ಟ್ 2011ರಾಗ ಸಿಬಿಎಸ್‌ಇ ಕೇಸಿನ್ಯಾಗ ಹೇಳೈತಿ. ಸರ್ಕಾರಿ ಯೂನಿವರ್ಸಿಟಿ ಆದ್ರ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಅರ್ಜಿ ಹಾಕ್ರಿ, 30 ದಿನದಾಗ ಉತ್ತರ ಕೊಡಬೇಕು. ಆದ್ರ "ಯಾಕ ಕಡಿಮಿ ಕೊಟ್ರಿ" ಅಂತ ಜಗಳಾ ತಗದು ಬರೀಬ್ಯಾಡ್ರಿ, ಆರ್‌ಟಿಐದಾಗ ದಾಖಲಿ ಸಿಗತೈತಿ, ಕಾರಣ ಅಲ್ಲ. ಚೆಕ್ ಮಾಡಿದವ್ರ ಹೆಸರೂ ಕೊಡಂಗಿಲ್ಲ. ಮತ್ತ ರೀವ್ಯಾಲ್ ಲಾಸ್ಟ್ ಡೇಟ್ ನಿಮ್ಮ ಆರ್‌ಟಿಐ ಸಲುವಾಗಿ ನಿಂದರಂಗಿಲ್ಲ, ಎರಡೂ ಕೂಡೇ ಹಾಕ್ರಿ. ಉತ್ತರ ಪತ್ರಿಕಿ ಎಷ್ಟು ದಿನ ಇಡಬೇಕು ಅಂತ ರೂಲ್ ಇರತೈತಿ, ಅದು ಮುಗದು ವಿಲೇವಾರಿ ಮಾಡಿದ್ರ ಆರ್‌ಟಿಐದಾಗೂ ಏನೂ ಸಿಗಂಗಿಲ್ಲ.

ಕೆಂಪು_ಪೆನ್ನು:
ನಾನು ಕಾಮರ್ಸ್ ಲೆಕ್ಚರರ್, ವ್ಯಾಲ್ಯುಯೇಷನ್‌ಗೂ ಹೋಗ್ತೀನಿ. "ಸ್ಟ್ರಿಕ್ಟಾಗಿ ಕೊಟ್ಟಿದ್ದಾರೆ, ನಾನು ಚೆನ್ನಾಗೇ ಬರ್ದಿದ್ದೆ" ಅಂತ ಬಂದ ಅರ್ಜಿಗೆ ಯಾರೂ ಏನೂ ಮಾಡಕ್ಕಾಗಲ್ಲ. ಸ್ಕೀಮ್ ಆಫ್ ವ್ಯಾಲ್ಯುಯೇಷನ್ (ಮಾರ್ಕು ಹಂಚೋ ಪಟ್ಟಿ) ಪ್ರಕಾರ ಲೆಕ್ಕ ಬಿಡಿಸಿ ತೋರ್ಸೋ ವರ್ಕಿಂಗ್ ನೋಟ್‌ಗೆ ಇಷ್ಟು, ಅಬ್‌ನಾರ್ಮಲ್ ಲಾಸ್‌ಗೆ (ಮಾಮೂಲಿಗಿಂತ ಜಾಸ್ತಿ ಆದ ನಷ್ಟ) ಇಷ್ಟು ಅಂತ ಸ್ಟೆಪ್ ಮಾರ್ಕ್ಸ್ ಇರತ್ತೆ, ಕೊನೇ ಉತ್ತರ ತಪ್ಪಿದ್ರೂ ಅದು ಸಿಗಬೇಕು. ಅದು ಬಿಟ್ಟುಹೋಗಿದ್ರೆ ಪ್ರಶ್ನೆ ನಂಬರ್ ಸಮೇತ ತೋರ್ಸು. ನಿಮ್ಮ ಸಬ್ಜೆಕ್ಟ್ ಟೀಚರ್ ಹತ್ರ ಕಾಪಿ ಒಯ್ದು ಕೂತ್ಕೋ, ಅರ್ಧ ಗಂಟೆ ಕೆಲ್ಸ ಅಷ್ಟೇ.

ಅರ್ಜಿ ಯೂನಿವರ್ಸಿಟಿಯ ಕುಲಸಚಿವರು (ಮೌಲ್ಯಮಾಪನ) ಅವರ ಹೆಸರಿಗೆ ಹೋಗ್ಬೇಕು, ನಿನ್ನ ಹತ್ರ ಉಳಿಯೋ ಪ್ರತಿ ಮೇಲೆ ಅರ್ಜಿ ತಗೊಂಡಿದ್ದಾರೆ ಅನ್ನೋ ಇನ್‌ವರ್ಡ್ ಸೀಲ್ ಹಾಕಿಸ್ಕೋ. ಬಾಯಲ್ಲಿ ಹೇಳಿ ಬಂದಿದ್ದು ಲೆಕ್ಕಕ್ಕಿಲ್ಲ.

ಗಲಾಟೆ ಇಂಟರ್ನಲ್ಸ್‌ದಾದ್ರೆ ದಾರಿ ಬೇರೆ. ಎಚ್‌ಓಡಿ, ಪ್ರಿನ್ಸಿಪಾಲ್ ಆದ್ಮೇಲೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿ, ಯುಜಿಸಿ 2023ರ ನಿಯಮದ ಪ್ರಕಾರ ಇದು ಇರ್ಲೇಬೇಕು, ಸಾಧ್ಯವಾದಷ್ಟು 15 ವರ್ಕಿಂಗ್ ಡೇಸ್‌ನಲ್ಲಿ ವರದಿ ಕೊಡ್ಬೇಕು. ಅದೂ ಸರಿ ಅನ್ನಿಸ್ದಿದ್ರೆ ಯೂನಿವರ್ಸಿಟಿಯ ಓಂಬುಡ್ಸ್‌ಪರ್ಸನ್‌ಗೆ (ವಿದ್ಯಾರ್ಥಿಗಳ ದೂರಿನ ಅಪೀಲು ಕೇಳೋರು) 15 ದಿನದೊಳಗೆ ಅಪೀಲು. ಬರೀ ರೀವ್ಯಾಲ್ ಮಾಡ್ಕೊಡಿ ಅಂದ್ರೆ ಮಾತ್ರ ಅವ್ರು ತಗೊಳಲ್ಲ, ಇಂಥದ್ದೇ ಅಕ್ರಮ ಆಗಿದೆ ಅಥವಾ ತಾರತಮ್ಯ ಮಾಡಿದ್ದಾರೆ ಅಂತ ತೋರಿಸ್ಬೇಕು. ಅದಕ್ಕೇ ಹೇಳೋದು, ಟೆಸ್ಟ್ ಬುಕ್ ಕೈಗೆ ಕೊಟ್ಟಾಗ ನೋಡದೆ ಸೈನ್ ಹಾಕ್ಬೇಡಿ ಅಂತ. ಯಾರು ಕೇಳ್ತೀರಿ?

ಲಾಸ್ಟ್‌ಬೆಂಚ್_ಬಿಕಾಂ:
ಥ್ಯಾಂಕ್ಸ್ ಎಲ್ರಿಗೂ. ಕಾಪಿಗೆ ಇವತ್ತೇ ಹಾಕ್ದೆ, ನಾಡಿದ್ದು ಲಾಸ್ಟ್ ಡೇಟ್ ಇತ್ತು, ನೋಡೇ ಇರ್ಲಿಲ್ಲ. ಸರ್, ಈಗ ನೆನಪಾಗ್ತಿದೆ, ಆ ಪ್ರಾಬ್ಲಮ್‌ದು ವರ್ಕಿಂಗ್ ನೋಟ್ಸ್ ಜಾಗ ಸಾಲ್ದೆ ಕೊನೇ ಪೇಜಲ್ಲಿ ಬರ್ದಿದ್ದೆ, ಮುಂದೆ "ಹಿಂದೆ ನೋಡಿ" ಅಂತ ಬರ್ದ್ನೋ ಇಲ್ವೋ ಗೊತ್ತಿಲ್ಲ.

ಹಳೇ_ಬ್ಯಾಕ್‌ಲಾಗ್:
ಅಲ್ಲೇ ಇರೋದು ನಿನ್ನ ಎರಡು ಮಾರ್ಕು. ಕಾಪಿ ಬಂದ ದಿನ ಇಲ್ಲಿ ಬಂದು ಹೇಳು.