ಸಹಾಯ ಬೇಕು: ಕಡಿಮೆ ಖರ್ಚಲ್ಲಿ ಪ್ರಚಾರ ಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಒಂಬತ್ತು ವರ್ಷ ವಕೀಲರೊಬ್ಬರ ಹತ್ತಿರ ಗುಮಾಸ್ತನಾಗಿದ್ದೆ. ಈಗ ಹಾಸನದಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆ. ಬಾಡಿಗೆ ಕರಾರು, ಅಫಿಡವಿಟ್ ಟೈಪಿಂಗ್, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿಗೆ (ಆಸ್ತಿಯ ಋಣಭಾರ ಪತ್ರಕ್ಕೆ) ಅರ್ಜಿ, ಪಹಣಿ ತೆಗೆಸೋದು, ಇಂಥ ಕೆಲಸ. ಕೆಲಸ ಚೆನ್ನಾಗಿ ಗೊತ್ತು, ಗಿರಾಕಿಗಳೇ ಇಲ್ಲ!

ತಿಂಗಳಿಗೆ 2,000 ರೂಪಾಯಿಗಿಂತ ಜಾಸ್ತಿ ಹಾಕಲಾರೆ. ಪೇಪರ್ ಒಳಗೆ 1,000 ಪಾಂಪ್ಲೆಟ್ ಇಡಿಸಿದೆ. ಬಂದಿದ್ದು ಮೂರೇ ಫೋನ್. ಅದರಲ್ಲೂ ಒಬ್ಬರು ‘ಸಾಲ ಕೊಡಿಸ್ತೀರಾ?’ ಅಂದರು. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಸೇರಿಸಿದ್ದೇನೆ, ಅದು ಪುಕ್ಕಟೆ. ಆದರೆ ರಿವ್ಯೂ ಬರೆಯಿರಿ ಅಂತ ಕೇಳೋಕೆ ಸಂಕೋಚ.

ಇನ್ನೊಂದು ತೊಡಕು. ವಕೀಲರು ಜಾಹೀರಾತು ಕೊಡುವಂತಿಲ್ಲ ಅಂತ ಬಾರ್ ಕೌನ್ಸಿಲ್‌ನ 36ನೇ ನಿಯಮ ಇದೆ. ನಾನು ವಕೀಲನಲ್ಲ, ಅದು ನನಗಲ್ಲ. ಆದರೆ ಬೋರ್ಡಿನಲ್ಲಿ ‘ಕಾನೂನು ಸಲಹೆ’ ಅಂತ ಬರೆಸಿದರೆ ಜನ ವಕೀಲ ಅಂದುಕೊಳ್ಳುತ್ತಾರೆ, ಅದು ತಪ್ಪಲ್ವಾ? ಮತ್ತೆ ಏನಂತ ಬರೆಸಲಿ?

ಬ್ರೋಕರ್‌ಗಳಿಗೆ ಕಮಿಷನ್ ಕೊಡು ಅನ್ನುತ್ತಾರೆ ಕೆಲವರು. ಆ ದಾರಿ ನನಗೆ ಬೇಡ. ಬಾಡಿಗೆ ಮನೆಗಳ ವಾಟ್ಸಾಪ್ ಗ್ರೂಪು, ಜೆರಾಕ್ಸ್ ಅಂಗಡಿಯಲ್ಲಿ ಚೀಟಿ, ಆಟೋ ಹಿಂದೆ ಸ್ಟಿಕ್ಕರ್, ಇವುಗಳಲ್ಲಿ ಯಾವುದರಿಂದ ನಿಮಗೆ ನಿಜವಾಗಿ ಗಿರಾಕಿ ಬಂದರು? ಇಂಥದ್ದೇ ಅಂಗಡಿ ಇಟ್ಟವರು ದಯವಿಟ್ಟು ತಿಳಿಸಿ.