ಗಲ್ಲು ಶಿಕ್ಷೆ ಬೇಕಾ, ಬೇಡ್ವಾ? ನೇರವಾಗಿ ಹೇಳಿ

ಸಿಂಧನೂರಿನವ:
ನಿನ್ನೆ ಒಗ್ಗರಣೆ ಮಿರ್ಚಿ ಅಂಗಡಿಯಲ್ಲಿ ಶುರುವಾದ ವಾದ ಇನ್ನೂ ತಲೆ ಕೊರೆಯುತ್ತಿದೆ. ಟಿವಿಯಲ್ಲಿ ಯಾವುದೋ ಕೊಲೆ ಸುದ್ದಿ. ನಮ್ಮ ಭಾವ "ಇವನನ್ನ ನಡುರಸ್ತೆಯಲ್ಲೇ ನೇತುಹಾಕಬೇಕು" ಅಂದರು, ಇಡೀ ಅಂಗಡಿ ಹೌದೌದು ಅಂತು. ನಾನು ಸುಮ್ನಿದ್ದೆ. ಹಗ್ಗ ಎಳೆಯುವವನೂ ಸಂಬಳಕ್ಕೆ ದುಡಿಯುವ ಮನುಷ್ಯನೇ ಅಲ್ವಾ, ಅವನ ಕೈಯಿಂದ ನಾವೆಲ್ಲ ಸೇರಿ ಒಬ್ಬನನ್ನು ಕೊಲ್ಲಿಸಿದ ಹಾಗಾಗಲ್ವಾ?

ಗಂಗಾವತಿ ಭತ್ತ:
ದೂರ ಕೂತು ಹೇಳೋದು ಸುಲಭ ತಮ್ಮಾ. ಹೊಲದ ಬದುವಿನ ಜಗಳದಲ್ಲಿ ನಮ್ಮ ಸೋದರಮಾವನನ್ನು ಕೊಂದವನಿಗೆ ಜೀವಾವಧಿ ಆಯಿತು. ಪೆರೋಲ್ ಮೇಲೆ ಬಂದವನು, ನಮ್ಮತ್ತೆ ನೀರು ಹಿಡಿಯುತ್ತಿದ್ದ ನಲ್ಲಿ ಮುಂದೆಯೇ ಬೈಕಲ್ಲಿ ಹೋದ. ಅತ್ತೆ ಕೊಡ ಅಲ್ಲೇ ಬಿಟ್ಟು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಕೊಡ ತುಂಬಿ ಹರಿಯುತ್ತಿತ್ತು, ನಾನೇ ಹೋಗಿ ತಂದೆ. ಅವತ್ತು ಕೇಳಿದ್ದರೆ ಹಗ್ಗ ನಾನೇ ಎಳೆಯುತ್ತಿದ್ದೆ.

ಬಳ್ಳಾರಿ ಟೈಪಿಸ್ಟ್:
ಅಣ್ಣಾ, ಅತ್ತೆಯವರ ಸಂಕಟಕ್ಕೆ ನನ್ನ ಹತ್ತಿರ ಮಾತಿಲ್ಲ. ಆದರೆ ವಕೀಲರೊಬ್ಬರ ಹತ್ತಿರ ಟೈಪಿಂಗ್ ಮಾಡುವವಳು ನಾನು. ಸಾಕ್ಷಿ ಪೊಲೀಸರ ಮುಂದೆ ಒಂದು, ಕಟಕಟೆಯಲ್ಲಿ ಇನ್ನೊಂದು ಹೇಳಿದ್ದನ್ನ ಎಷ್ಟು ಸಲ ಟೈಪ್ ಮಾಡಿದ್ದೇನೋ. ಜೈಲಲ್ಲಿದ್ದವನನ್ನು ತಪ್ಪಾಯ್ತಪ್ಪಾ ಅಂತ ಬಿಡಬಹುದು. ನೇಣಿಗೆ ಹಾಕಿದ ಮೇಲೆ ಏನು ಮಾಡ್ತೀರಿ? ಅಷ್ಟಕ್ಕೂ ಬದುವಿನ ಜಗಳಕ್ಕೆ ಗಲ್ಲು ಸಿಗೋದೇ ಕಷ್ಟ. ಬಚನ್ ಸಿಂಗ್ ಅನ್ನೋರ ಕೇಸಲ್ಲಿ 1980ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಿಂದ ಈಚೆಗೆ ಅಪರೂಪದಲ್ಲಿ ಅಪರೂಪದ ಕೇಸಿಗೆ ಮಾತ್ರ. ಜಿಲ್ಲಾ ಕೋರ್ಟ್ ಕೊಟ್ಟರೂ ಹೈಕೋರ್ಟ್ ಒಪ್ಪಬೇಕು, ನಮಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.

ರಾಯಚೂರು ಬಿಸಿಲು:
ಅಕ್ಕ ಹೇಳಿದ್ದು ಸರಿ. ಇನ್ನೊಂದು ದಾರಿನೂ ಇದೆ, ಇದನ್ನ ಜಾಸ್ತಿ ಜನ ಕೇಳಿಲ್ಲ. ಹೆಂಡತಿಯನ್ನು ಕೊಂದ ಬೆಂಗಳೂರಿನ ಶ್ರದ್ಧಾನಂದನ ಕೇಸಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ತೆಗೆದು, ಸಾಯೋವರೆಗೂ ಬಿಡುಗಡೆ ಮಾಡಬೇಡಿ ಅಂತು. ಹದಿನಾಲ್ಕು ವರ್ಷಕ್ಕೆ ಬಿಟ್ಟೇಬಿಡ್ತಾರೆ ಅನ್ನೋದು ಬರೀ ಅಂಗಡಿ ಮಾತು. ಜೀವಾವಧಿ ಅಂದರೆ ಜೀವ ಇರೋವರೆಗೆ, ನಡುವೆ ಬಿಡೋದು ಸರ್ಕಾರದ ಮಾಫಿಯಿಂದ. ಆ ಮಾಫಿಯನ್ನೇ ಇಂಥ ಕೇಸಲ್ಲಿ ತಡೆಯಬಹುದು. ಆದರೆ ಜಿಲ್ಲಾ ಕೋರ್ಟಿಗೆ ಆ ಅಧಿಕಾರ ಇಲ್ಲ, ಹೈಕೋರ್ಟ್, ಸುಪ್ರೀಂ ಕೋರ್ಟಿಗೆ ಮಾತ್ರ.

ಸಿಂಧನೂರಿನವ:
ಭಾವನಿಗೆ ಇದನ್ನ ತೋರಿಸಿದೆ. "ಅಲ್ಲಿವರೆಗೆ ಅವನಿಗೆ ಅನ್ನ ಹಾಕೋದು ನಮ್ಮ ದುಡ್ಡಲ್ಲಿ" ಅಂದರು. ಬಗ್ಗೋ ಆಸಾಮಿ ಅಲ್ಲ.

ಗಂಗಾವತಿ ಭತ್ತ:
ಈ ಎರಡನೇ ದಾರಿ ನನಗೆ ಗೊತ್ತಿರಲಿಲ್ಲ. ನೇಣೇ ಆಗಬೇಕು ಅಂತ ಈಗ ಹಟ ಇಲ್ಲ. ಅತ್ತೆಯನ್ನೇ ಕೇಳೋಣ ಅಂತ ಹೋದೆ, ಬೇರೆ ಮಾತಾಡು ಅಂದರು. ನೀರು ಇವತ್ತಿಗೂ ನಾನೇ ಹಿಡಿದು ತರೋದು.