ಡಬ್ಬಿ ಮೇಲೆ ನಂಬರ್ ಇದ್ದರೆ ಸಾಕೇನ್ರಿ?

ಪ್ರಶ್ನೆ (ಆಳಂದ ಕಡೆಯ ಒಬ್ಬ ತಂದೆ): ನಮಸ್ಕಾರ ಸರ್. ಮಗ ಕಲಬುರಗಿಯಲ್ಲಿ ರೂಮ್ ಮಾಡಿಕೊಂಡು ಪೊಲೀಸ್ ನೇಮಕಾತಿಗೆ ತಯಾರಿ ಮಾಡ್ತಿದ್ದಾನೆ. ಜಿಮ್‌ನಲ್ಲಿ ಹೇಳಿದರು ಅಂತ 3,200 ರೂಪಾಯಿ ಕೊಟ್ಟು ಪ್ರೋಟೀನ್ ಪೌಡರ್ ತಂದಿದ್ದಾನೆ. ಬಿಲ್ ಇಲ್ಲ. ಒಂದು ತಿಂಗಳಿಂದ ಬೆನ್ನ ತುಂಬ ಮೊಡವೆ, ಮಾತು ಮಾತಿಗೂ ಸಿಟ್ಟು. ಕೇಳಿದರೆ "ಅಪ್ಪಾ, ಡಬ್ಬಿ ಮೇಲೆ ಸರ್ಕಾರದ ನಂಬರ್ ಇದೆ, ಪಾಸಾದ ಮಾಲು" ಅಂತಾನೆ. ಹೌದಾ ಸರ್? ಫೋಟೊ ಹಾಕಿದ್ದೇನೆ.

ಉತ್ತರ (ನಿವೃತ್ತ ಆಹಾರ ಸುರಕ್ಷತಾ ಅಧಿಕಾರಿ): ಅಣ್ಣಾ, ಮೊದಲು ಮಗನ ವಿಷಯ. ಪೌಡರ್ ಇವತ್ತೇ ನಿಲ್ಲಿಸಲಿ. ಡಬ್ಬಿ ಸಮೇತ ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ. ಮೊಡವೆ, ಸಿಟ್ಟು ಬೇರೆ ಕಾರಣಕ್ಕೂ ಬರಬಹುದು. ಆದರೆ ಪೌಡರ್‌ನಲ್ಲಿ ಸ್ಟೆರಾಯ್ಡ್ (ಸ್ನಾಯು ಬೆಳೆಸುವ ಹಾರ್ಮೋನ್ ಥರದ ಮದ್ದು) ಬೆರೆತಿದ್ದರೂ ಹೀಗೇ ಆಗಬಹುದು. ಲಿವರ್ ಟೆಸ್ಟ್ ಮಾಡಿಸಬೇಕಾ ಅಂತ ಅವರನ್ನೇ ಕೇಳಿ. ಹುಡುಗನನ್ನು ಬೈಬೇಡಿ, ಅವನು ನಂಬಿ ತಂದಿದ್ದಾನೆ.

ಇನ್ನು ನಂಬರ್. ನಿಮ್ಮ ಫೋಟೊ ದೊಡ್ಡದು ಮಾಡಿ ಅಂಕಿ ಎಣಿಸಿದೆ. ಹದಿಮೂರು ಇವೆ. ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಕೊಡುವ ನಂಬರ್‌ಗೆ 14 ಅಂಕಿ ಇರಬೇಕು. ಮತ್ತೆ ಎರಡು ಸಲ ಎಣಿಸಿದೆ, ಹದಿಮೂರೇ. ಅಮೆರಿಕದ ಮಾಲು ಅಂತ ಬರೆದಿದೆ, ಆಮದು ಮಾಡಿದವರ ಹೆಸರು, ವಿಳಾಸ ಎಲ್ಲೂ ಇಲ್ಲ. ಬ್ಯಾಚ್ ನಂಬರ್ ಇರಬೇಕಾದ ಜಾಗದಲ್ಲಿ ಉಜ್ಜಿದ ಗುರುತು ಕಾಣ್ತಿದೆ. ಇಂಥದ್ದನ್ನು ನಾನು ಬಾಯಿಗೆ ಹಾಕಲ್ಲ, ನನ್ನ ಮೊಮ್ಮಗನಿಗೂ ಹಾಕಲು ಬಿಡಲ್ಲ.

ನಂಬರ್ ಸರಿಯಿದ್ದರೂ ಅದರ ಅರ್ಥ ಇಷ್ಟೇ: ತಯಾರಿಸುವವನಿಗೆ ವ್ಯಾಪಾರ ಮಾಡಲು ಲೈಸೆನ್ಸ್ ಇದೆ. ನಿಮ್ಮ ಕೈಯಲ್ಲಿರುವ ಡಬ್ಬಿಯನ್ನು ಸರ್ಕಾರದವರು ತೆರೆದು ನೋಡಿ ಕಳಿಸಿದ್ದಾರೆ ಅಂತಲ್ಲ. ನಮ್ಮಲ್ಲಿ ಇದು ಔಷಧಿ ಅಲ್ಲ, ಆಹಾರ. 2006ರ ಆಹಾರ ಸುರಕ್ಷತಾ ಕಾಯ್ದೆಯ 22ನೇ ಸೆಕ್ಷನ್ ಕೆಳಗೆ ಬರುತ್ತದೆ. ಅದಕ್ಕೆಂದೇ 2016ರಲ್ಲಿ ನಿಯಮ ಬಂತು, 2018ರ ಜನವರಿಯಿಂದ ಜಾರಿಯಾಯಿತು. ಹಾರ್ಮೋನ್, ಸ್ಟೆರಾಯ್ಡ್, ಮನಸ್ಸಿನ ಮೇಲೆ ಕೆಲಸ ಮಾಡುವ ಮದ್ದು ಬೆರೆಸಲೇಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಆದರೆ ತಪಾಸಣೆ ನಡೆಯುವುದು ಹೆಚ್ಚಾಗಿ ಮಾಲು ಅಂಗಡಿಗೆ ಬಂದ ಮೇಲೆ. ಅಮೆರಿಕದಲ್ಲೂ 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟ್‌ಗೆ ಮಾರಾಟಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಬೇಕಿಲ್ಲ. ಹಾಗಾಗಿ "ಫಾರಿನ್ ಮಾಲು" ಅನ್ನೋದು ಭರವಸೆಯ ಮಾತಲ್ಲ.

ಪ್ರಶ್ನೆ (ಬೀದರ್‌ನಿಂದ): ಸರ್, ನಮ್ಮ ಅಂಗಡಿಯವರು ಲ್ಯಾಬ್ ರಿಪೋರ್ಟ್ ತೋರಿಸ್ತಾರೆ. ಡಬ್ಬಿಯ ಒಂದು ಅಳತೆ ಚಮಚಕ್ಕೆ 24 ಗ್ರಾಂ ಪ್ರೋಟೀನ್ ಅಂತಿದೆ. ಅದನ್ನಾದರೂ ನಂಬಬಹುದಲ್ವಾ?

ಉತ್ತರ: ತಮ್ಮಾ, ಆ ರಿಪೋರ್ಟ್ ಹೇಗೆ ಮಾಡ್ತಾರೆ ಗೊತ್ತಾ? ಸಾಮಾನ್ಯ ಪರೀಕ್ಷೆಯಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯಲ್ಲ. ಪೌಡರ್‌ನಲ್ಲಿರುವ ನೈಟ್ರೋಜನ್ ಅಳೆದು, ಅದನ್ನು 6.25ರಿಂದ ಗುಣಿಸ್ತಾರೆ. ಹಾಲಿನ ಪ್ರೋಟೀನ್ ಆದರೆ 6.38. ಮೋಸ ನುಗ್ಗೋದು ಇಲ್ಲೇ. ಗ್ಲೈಸಿನ್, ಟಾರಿನ್‌ನಂಥ ಅಗ್ಗದ ಅಮೈನೋ ಆಸಿಡ್ ಸುರಿದರೆ ನೈಟ್ರೋಜನ್ ಏರುತ್ತದೆ, ರಿಪೋರ್ಟ್‌ನಲ್ಲಿ ಪ್ರೋಟೀನ್ ಜಾಸ್ತಿ ಕಾಣುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ (ನೈಟ್ರೋಜನ್ ತುಂಬಿರುವ ಕಾರ್ಖಾನೆ ರಾಸಾಯನಿಕ) ಬೆರೆಸಿದ್ದೂ ಇದೇ ಲೆಕ್ಕದ ಮೇಲೆ. ಎಳೆ ಮಕ್ಕಳ ಕಿಡ್ನಿ ಹೋಯ್ತು. ಅದಕ್ಕೇ ಕೇಳಬೇಕಾದ್ದು ಅಮೈನೋ ಆಸಿಡ್‌ಗಳ ಬಿಡಿಬಿಡಿ ರಿಪೋರ್ಟ್, ಅದೂ ನಿಮ್ಮ ಡಬ್ಬಿಯ ಬ್ಯಾಚ್‌ನದ್ದು. ಹೋದ ವರ್ಷದ ಯಾವುದೋ ಬ್ಯಾಚ್‌ನ ಕಾಗದ ತೋರಿಸಿದರೆ ಉಪಯೋಗ ಇಲ್ಲ.

ಇನ್ನೊಂದು ಮಾತು. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇದು ಈ ಊರಿನದೇ ವಿಶೇಷ ಮಾಲು ಅನ್ನುವ ಗುರುತು) ಸಿಕ್ಕಿದೆ. ನೂರು ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಜೋಳದ ರೊಟ್ಟಿ, ಬೇಳೆ, ಶೇಂಗಾ ಹಿಂಡಿ, ದಿನಕ್ಕೆರಡು ಮೊಟ್ಟೆ ತಿನ್ನುವ ಹುಡುಗ ಪೌಡರ್ ಇಲ್ಲದೆಯೂ ಓಟ ಪಾಸಾಗ್ತಾನೆ.

ಪ್ರಶ್ನೆ (ಯಾದಗಿರಿಯಿಂದ): ತಂಗಿ ಕುಸ್ತಿ ಆಡ್ತಾಳೆ, ರಾಜ್ಯಮಟ್ಟಕ್ಕೆ ಹೋಗ್ತಿದ್ದಾಳೆ. ಅವಳೇನು ಮಾಡಬೇಕು?

ಉತ್ತರ: ಅವಳು ಇನ್ನೂ ಹುಷಾರಾಗಿರಬೇಕು. ಡೋಪಿಂಗ್ ನಿಯಮದಲ್ಲಿ "ನನಗೆ ಗೊತ್ತಿರಲಿಲ್ಲ" ಅಂದರೆ ತಪ್ಪು ಹೋಗಲ್ಲ. ದೇಹದಲ್ಲಿ ಸಿಕ್ಕಿದ್ದಕ್ಕೆ ಆಟಗಾರ್ತಿಯೇ ಹೊಣೆ. ಸ್ಟೆರಾಯ್ಡ್ ಸಿಕ್ಕರೆ ನಾಲ್ಕು ವರ್ಷ ನಿಷೇಧ ಬರಬಹುದು. ಪ್ರತಿ ಬ್ಯಾಚ್ ಪರೀಕ್ಷೆ ಆದದ್ದು ಬಿಟ್ಟು ಬೇರೇನೂ ಬೇಡ. ತಗೊಂಡರೆ ಖಾಲಿ ಡಬ್ಬಿ, ಬಿಲ್ ಎರಡನ್ನೂ ಎತ್ತಿಡಿ. ಆಮೇಲೆ ಅವಳ ಪರ ಮಾತಾಡೋದು ಅವೇ.

ಆಳಂದದ ತಂದೆ: ಮಗನೂ ಎಣಿಸಿ ನೋಡಿದ ಸರ್, ಹದಿಮೂರೇ. ಸುಮ್ಮನಾದ. ನಾಳೆ ಡಾಕ್ಟರ್ ಹತ್ತಿರ ಹೋಗ್ತೇವೆ. ಉಳಿದ ಪೌಡರ್ ಚೆಲ್ಲಲಾ?

ಉತ್ತರ: ಚೆಲ್ಲಬೇಡಿ. ಮುಚ್ಚಳ ಬಿಗಿ ಮಾಡಿ ಇಡಿ, ಡಾಕ್ಟರ್‌ಗೂ ಬೇಕಾಗಬಹುದು. ಆದರೆ ತೆರೆದ ಡಬ್ಬಿ ಕೇಸಿಗೆ ಗಟ್ಟಿ ಸಾಕ್ಷಿ ಆಗಲ್ಲ, ಮನೇಲಿ ನೀವೇ ಬೆರೆಸಿದ್ದೀರಿ ಅಂತಾರೆ. ಫೋಟೊ ಜೊತೆ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಬರೆದು ಕೊಡಿ, ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ದೂರು ಹಾಕಿ. ಅಧಿಕಾರಿ ಅದೇ ಅಂಗಡಿಯಲ್ಲಿ ಸೀಲ್ ಒಡೆಯದ ಡಬ್ಬಿ ತಗೊಂಡು ನಾಲ್ಕು ಪಾಲು ಮಾಡಿ ಸೀಲ್ ಹಾಕ್ತಾರೆ. ಒಂದು ಪಾಲು ಪ್ರಯೋಗಾಲಯಕ್ಕೆ ಹೋಗುತ್ತದೆ. 14 ದಿನದಲ್ಲಿ ವರದಿ ಬರಬೇಕು ಅಂತ ಕಾನೂನಿದೆ.

ನೀವೇ ಪರೀಕ್ಷೆ ಮಾಡಿಸಬೇಕು ಅಂದರೂ 40ನೇ ಸೆಕ್ಷನ್ ಇದೆ. ಆದರೆ ಕೊಳ್ಳುವಾಗಲೇ ಅಂಗಡಿಯವನಿಗೆ "ಇದನ್ನ ಟೆಸ್ಟಿಗೆ ಕೊಡ್ತೀನಿ" ಅಂತ ಹೇಳಬೇಕು. ಶುಲ್ಕ ಕಟ್ಟಬೇಕು, ಮಾಲು ನಿಯಮದಂತೆ ಇಲ್ಲ ಅಂತ ಬಂದರೆ ಶುಲ್ಕ ವಾಪಸ್. ಈ ಸಲ ಹೋದಾಗ ಬಿಲ್ ಕೇಳಿ. ಕೊಡಲ್ಲ ಅಂದರೆ ಅದನ್ನೂ ದೂರಿನಲ್ಲಿ ಬರೆಯಿರಿ. ನಾಳೆ ಡಾಕ್ಟರ್ ಏನಂದರು ಇಲ್ಲಿ ತಿಳಿಸಿ ಅಣ್ಣಾ, ಕಾಯ್ತಿರ್ತೇನೆ.